ಸಹಾಯ ಬೇಕು: ಮಸುಕಾದ ಗೆಲಾಕ್ಸಿಯಲ್ಲಿ ಕಂಡದ್ದು ನಿಜವೋ, ಊಹೆಯೋ?

ನಮಸ್ಕಾರ. 8 ಇಂಚಿನ ಟೆಲಿಸ್ಕೋಪ್‌ನಲ್ಲಿ ಎಂ51 ಎಂಬ ಸುರುಳಿ ಗೆಲಾಕ್ಸಿ ನೋಡುತ್ತಿದ್ದೇನೆ. ಅದೂ ಅದರ ಜೊತೆಗಿರುವ ಚಿಕ್ಕ ಗೆಲಾಕ್ಸಿಯೂ ಎರಡು ಮಬ್ಬು ಚುಕ್ಕೆಗಳಾಗಿ ಚೆನ್ನಾಗೇ ಕಾಣುತ್ತವೆ. ಸುರುಳಿ ತೋಳುಗಳು ಮಾತ್ರ ಒಂದು ಕ್ಷಣ ಕಂಡಂತಾಗಿ ಮರೆಯಾಗುತ್ತವೆ.

ಗೊತ್ತಿರುವ ಉಪಾಯಗಳನ್ನೆಲ್ಲ ಮಾಡುತ್ತೇನೆ. ಅರ್ಧ ಗಂಟೆ ಕತ್ತಲಲ್ಲಿ ಕಣ್ಣು ಪಳಗಿಸುತ್ತೇನೆ, ಬೆಳಕು ಬೇಕಾದರೆ ಮಂದ ಕೆಂಪು ದೀಪ ಮಾತ್ರ. ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಡುತ್ತೇನೆ. ರೆಟಿನಾದ ನಟ್ಟನಡುವೆ ಮಂದ ಬೆಳಕು ಹಿಡಿಯುವ ರಾಡ್ ಕೋಶಗಳೇ ಇಲ್ಲ, ಅಲ್ವಾ? ಟ್ಯೂಬನ್ನು ಮೆಲ್ಲಗೆ ತಟ್ಟಿದರೂ ಕೊಂಚ ಜಾಸ್ತಿ ಕಾಣುತ್ತದೆ. ಕದಲುವ ಮಸುಕು ಕಣ್ಣಿಗೆ ಬೇಗ ಸಿಗುತ್ತದೆ.

ನನ್ನ ತೊಡಕು ಬೇರೆ. ಫೋಟೋ ನೋಡಿ ನೋಡಿ ಸುರುಳಿ ಹೇಗಿರಬೇಕೆಂದು ಮನಸ್ಸಿಗೆ ಮೊದಲೇ ಗೊತ್ತು. ಅದೇ ಚಿತ್ರವನ್ನು ಮನಸ್ಸು ಮಸುಕಿನ ಮೇಲೆ ಹಚ್ಚುತ್ತಿದೆಯೇನೋ ಎಂಬ ಅನುಮಾನ. 1845ರಲ್ಲಿ ಐರ್ಲೆಂಡಿನ ಖಗೋಳ ವೀಕ್ಷಕ ಲಾರ್ಡ್ ರಾಸ್ 72 ಇಂಚಿನ ಕನ್ನಡಿಯ ಟೆಲಿಸ್ಕೋಪ್‌ನಲ್ಲಿ ಈ ಸುರುಳಿಯನ್ನು ಮೊದಲು ಗುರುತಿಸಿದಾಗ ಹೋಲಿಸಲು ಅವರ ಮುಂದೆ ಯಾವ ಫೋಟೋನೂ ಇರಲಿಲ್ಲ!

ಅನುಭವ ಇರುವವರು ದಯವಿಟ್ಟು ಹೇಳಿ. ಒಂದೇ ಜಾಗದಲ್ಲಿ ಎಷ್ಟು ಸಲ ಮಿನುಗಿದರೆ ನೀವು ನಂಬುತ್ತೀರಿ? ಮ್ಯಾಗ್ನಿಫಿಕೇಶನ್ ಹೆಚ್ಚಿಸಿದರೆ ಉಪಯೋಗವಾಗುತ್ತದಾ? ಫೋಟೋ ನೋಡಿರದ ಗೆಲಾಕ್ಸಿಯನ್ನು ಮೊದಲು ಸ್ಕೆಚ್ ಮಾಡಿ, ಆಮೇಲೆ ಹೋಲಿಸೋಣ ಅಂದುಕೊಂಡಿದ್ದೇನೆ. ಅದಕ್ಕೆ ಯಾವುದು ಒಳ್ಳೆಯದು? ಹೆಸರು ಮಾತ್ರ ಹೇಳಿ, ಚಿತ್ರ ಹಾಕಬೇಡಿ.