ಹ್ಯಾಮಕ್‌ನಲ್ಲಿ (ಮರಕ್ಕೆ ಕಟ್ಟೋ ತೂಗುಹಾಸಿಗೆ) ಬೆನ್ನಿಗೆ ಚಳಿ, ಮಳೇಲಿ ತಲೆ ಕಡೆ ಒದ್ದೆ. ಯಾಕೆ?

ಪ್ರಶ್ನೆ: 11 ಅಡಿಯ ನೈಲಾನ್ ಹ್ಯಾಮಕ್. ಬೇಸಿಗೇಲಿ ತೊಂದರೆ ಇಲ್ಲ. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರು ಕಡೆ ದಪ್ಪ ಸ್ಲೀಪಿಂಗ್ ಬ್ಯಾಗ್ ಇದ್ರೂ ಬೆನ್ನು ಕೊರೆಯುತ್ತೆ. ಮಳೇಲಿ ಮೇಲೆ ಕಟ್ಟಿರೋ ಟಾರ್ಪ್ (ಮಳೆ ತಡೆಯೋ ಹೊದಿಕೆ) ಸೋರದಿದ್ರೂ ತಲೆ ಕಡೆ ಒದ್ದೆ.

ಉತ್ತರ 1: ಬ್ಯಾಗ್‌ದು ತಪ್ಪಲ್ಲ ಸರ್. ಮೈಭಾರಕ್ಕೆ ಬ್ಯಾಗ್ ಅಡಿಭಾಗದ ಒಳಗೆ ತುಂಬಿರೋದು ಅಪ್ಪಚ್ಚಿಯಾಗುತ್ತೆ, ಕೆಳಗಿಂದ ಗಾಳಿ ಶಾಖ ಎಳ್ಕೊಳ್ಳುತ್ತೆ. ಹ್ಯಾಮಕ್ ಕೆಳಗೆ ಹೊರಗಡೆ ತೂಗುಬಿಡೋ ದಪ್ಪ ಹೊದಿಕೆ, ಅಂದ್ರೆ ಅಂಡರ್‌ಕ್ವಿಲ್ಟ್ ಹಾಕಿ. ಅದು ಹ್ಯಾಮಕ್ ಬಟ್ಟೆಗೆ ತಾಗಿಕೊಂಡಿರಬೇಕು, ಆದರೆ ಒತ್ತಬಾರದು. ಎರಡೂ ತುದಿಯ ದಾರ ಎಳೆದು ಮುಚ್ಚಿ. ಅಲ್ಲೊಂದು ಸಂದು ಉಳಿದರೆ ಇದ್ದೂ ಇಲ್ಲದ ಹಾಗೆ. ಅಗ್ಗದ ದಾರಿ ಅಂದ್ರೆ ಒಳಗೆ ಹಾಸೋ ಫೋಮ್ ಚಾಪೆ. 20 ಇಂಚು ಅಗಲದ್ದು ಭುಜಕ್ಕೆ ಸಾಲಲ್ಲ, ಅಲ್ಲಿಗೆ ಅಡ್ಡ ಇನ್ನೊಂದು ತುಂಡು ಬೇಕು.

ಉತ್ತರ 2: ಒದ್ದೆಗೆ ಕಾರಣ ಹ್ಯಾಮಕ್ ಅನ್ನು ಮರಕ್ಕೆ ಕಟ್ಟೋ ಪಟ್ಟಿ. ಮರದ ಕಾಂಡದ ನೀರು ಪಟ್ಟಿ ಹಿಡ್ಕೊಂಡು ಹ್ಯಾಮಕ್‌ವರೆಗೆ ಇಳಿಯುತ್ತೆ. ಟಾರ್ಪ್ ಅಂಚಿನ ಒಳಗೆ, ಹ್ಯಾಮಕ್ ಶುರುವಾಗೋ ಮುಂಚೆ, ಒಂದು ಗೇಣು ಹತ್ತಿ ದಾರ ಬಿಗಿದು ಕಟ್ಟಿ ಇಳಿಬಿಡಿ; ನೀರು ಅಲ್ಲೇ ತೊಟ್ಟಿಕ್ಕುತ್ತೆ. ನೈಲಾನ್ ಟಾರ್ಪ್ ನೆನೆದರೆ ಜೋಲುತ್ತೆ, ಮಲಗೋ ಮುಂಚೆ ಮತ್ತೆ ಬಿಗೀರಿ. ಮಳೆಗಾಲಕ್ಕೆ ಡೌನ್ (ಹಕ್ಕಿ ಪುಕ್ಕ) ತುಂಬಿದ್ದು ಬೇಡ, ಸಿಂಥೆಟಿಕ್ ಸಾಕು. ಉಂಬಳದ (ಜಿಗಣೆ) ಕಾಟ ಇರೋ ಕಡೆ ಅಂಡರ್‌ಕ್ವಿಲ್ಟ್ ನೆಲಕ್ಕೆ ತಾಗದ ಹಾಗೆ ನೋಡ್ಕೊಳ್ಳಿ.

ಉತ್ತರ 3: ಮೊದಲು ಕಟ್ಟೋದು ಸರಿ ಇದೆಯಾ ನೋಡಿ. ಪಟ್ಟಿ ಸುಮಾರು 30 ಡಿಗ್ರಿ ಇಳಿಜಾರಲ್ಲಿರಲಿ. ಹ್ಯಾಮಕ್‌ನ ಎರಡು ತುದಿ ನಡುವೆ ಕಟ್ಟೋ ದಾರ, ಅಂದ್ರೆ ರಿಡ್ಜ್‌ಲೈನ್, ಹ್ಯಾಮಕ್ ಉದ್ದದ 83% ಇರಲಿ, ಅಂದ್ರೆ ನಿಮ್ಮದಕ್ಕೆ ಸುಮಾರು 9 ಅಡಿ ಒಂದೂವರೆ ಇಂಚು. ತುಂಬಾ ಬಿಗಿದರೆ ಭುಜ ಹಿಂಡುತ್ತೆ, ಓರೆಯಾಗಿ ಮಲಗೋಕೂ ಆಗಲ್ಲ.