‘ಲಕ್ವ’ ಎನ್ನಬೇಕೇ, ‘ಸ್ಟ್ರೋಕ್’ ಎನ್ನಬೇಕೇ?

ಚಿಕ್ಕಬಳ್ಳಾಪುರದಿಂದ ಕೇದಾರನಾಥಕ್ಕೆ ಹೊರಟಿರುವ ಹಿರಿಯರ ತಂಡಕ್ಕೆಂದು ಒಂದು ಪುಟದ ಆರೋಗ್ಯ ಸೂಚನೆ ಬರೆಯುತ್ತಿದ್ದೇನೆ. ‘ಸ್ಟ್ರೋಕ್’ ಎಂಬಲ್ಲಿಗೆ ಬಂದು ಲೇಖನಿ ನಿಂತಿದೆ.

ನಮ್ಮ ಕಡೆ ಎಲ್ಲರ ಬಾಯಲ್ಲಿರುವುದು ‘ಲಕ್ವ’. ಅರಬ್ಬಿ ಮೂಲದ ಈ ಪದಕ್ಕೆ ಅಲ್ಲಿ ಮುಖ ಸೊಟ್ಟಗಾಗುವ ಕಾಯಿಲೆ ಎಂದು ಅರ್ಥ. ಇಲ್ಲಿ ಕೈಕಾಲು ಬಿದ್ದುಹೋಗುವುದಕ್ಕೂ ಅದೇ ಸಲ್ಲುತ್ತದೆ. ಪತ್ರಿಕೆಗಳ ‘ಪಾರ್ಶ್ವವಾಯು’ ಕೂಡ ದೇಹದ ಒಂದು ಮಗ್ಗುಲನ್ನೇ ಹಿಡಿದು ಕೂರುತ್ತದೆ. ಮಿದುಳಿನ ರಕ್ತನಾಳ ಕಟ್ಟಿಕೊಂಡಿತೋ ಒಡೆಯಿತೋ ಎಂಬ ಸುದ್ದಿ ಎರಡರಲ್ಲೂ ಇಲ್ಲ. ಮಾತು ತೊದಲಿ, ಒಂದು ಬದಿಯ ನೋಟ ಮಂಕಾಗಿ, ಕೈಕಾಲು ಮಾತ್ರ ನೆಟ್ಟಗಿರುವ ಸ್ಟ್ರೋಕ್ ಕೂಡ ಉಂಟು. ಅದನ್ನು ಯಾರೂ ಲಕ್ವ ಎನ್ನುವುದಿಲ್ಲ. ಇನ್ನು ಲಕ್ವ ಎಂದರೆ ಸಾಕು, ‘ನಾಟಿ ಔಷಧಿ ಕೊಡಿಸಿ, ಎಣ್ಣೆ ಹಚ್ಚಿ ನೀವಿಸಿ’ ಎನ್ನುವವರು ಮನೆ ತುಂಬುತ್ತಾರೆ. ಅಷ್ಟರಲ್ಲಿ ಹೊತ್ತು ಮೀರುತ್ತದೆ: ರಕ್ತನಾಳ ಕಟ್ಟಿಕೊಂಡಾಗ ಹೆಪ್ಪು ಕರಗಿಸಲು ಕೊಡುವ ಚುಚ್ಚುಮದ್ದಿಗೆ, ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ಇರುವ ಗಡುವು 4.5 ಗಂಟೆ.

ಎತ್ತರದಲ್ಲಿ ಗೊಂದಲ ಇನ್ನೂ ಹೆಚ್ಚು. ನಂದಿ ಬೆಟ್ಟ 1,478 ಮೀಟರ್, ಕೇದಾರನಾಥ 3,583 ಮೀಟರ್. (‘ನಂದಿ ಹತ್ತಿದವರಿಗೆ ಕೇದಾರ ಯಾವ ಲೆಕ್ಕ’ ಎನ್ನುವವರು ಈ ತಂಡದಲ್ಲೂ ಇದ್ದಾರೆ.) 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ ಸಾಮಾನ್ಯ. ಅಪರೂಪಕ್ಕೆ ಅದು ಮಿದುಳಿನ ಊತಕ್ಕೆ ತಿರುಗುತ್ತದೆ: ಮಾತು ಅಸಂಬದ್ಧ, ನಡಿಗೆ ಓಲಾಟ. ಒಂದು ಹೆಜ್ಜೆಯ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಸಿದರೆ ಓಲಾಟ ಬಯಲಾಗುತ್ತದೆ. ತಡಮಾಡದೆ ಕೆಳಗಿಳಿಸುವುದೇ ಇದಕ್ಕೆ ಮೊದಲ ಮದ್ದು. ಸ್ಟ್ರೋಕ್‌ನ ದಾರಿ ಬೇರೆ. ಮೈಯಲ್ಲಿ ನೀರಿನಂಶ ಇಳಿದು, ಬಹಳ ದಿನ ಎತ್ತರದಲ್ಲಿದ್ದರೆ ಕೆಂಪು ರಕ್ತಕಣಗಳೂ ಹೆಚ್ಚಿ, ರಕ್ತ ಮಂದವಾಗುತ್ತದೆ. ಮಿದುಳಿನ ಅಭಿಧಮನಿಯಲ್ಲಿ, ಅಂದರೆ ರಕ್ತವನ್ನು ಹೃದಯದತ್ತ ಮರಳಿಸುವ ನಾಳದಲ್ಲಿ, ಹೆಪ್ಪುಗಟ್ಟಬಹುದು. ಆಗಲೂ ಹಲವೊಮ್ಮೆ ಮೊದಲು ಕಾಣುವುದು ಬಿಡದ ತಲೆನೋವೇ, ಕೈಕಾಲಿನ ಸೋಲಲ್ಲ.

‘ಊತ’ದ ಬಗ್ಗೆ ನನಗೆ ತಕರಾರಿಲ್ಲ, ‘ಬಾವು’ ಎಂದರೆ ಕೀವು ನೆನಪಾಗುತ್ತದೆ. ‘ಮಿದುಳಾಘಾತ’ ಎಂದು ತಂಡದ ಹಿರಿಯರೊಬ್ಬರಿಗೆ ಓದಿ ಹೇಳಿದರೆ, ‘ತಲೆಗೆ ಏಟು ಬೀಳುವುದು ತಾನೇ?’ ಎಂದರು. ಬರಿಯ ‘ಸ್ಟ್ರೋಕ್’ ಬೇಸಿಗೆಯ ಹೀಟ್ ಸ್ಟ್ರೋಕ್ ಜೊತೆ ಬೆರೆತುಹೋಗುತ್ತದೆ. ಸದ್ಯಕ್ಕೆ ‘ಮಿದುಳಿನ ಸ್ಟ್ರೋಕ್’ ಎಂದು ಬರೆದು, ‘ಕೈಕಾಲು ಬೀಳದೆಯೂ ಆಗಬಹುದು’ ಎಂದು ಕೆಳಗೇ ಸೇರಿಸಿದ್ದೇನೆ.

ಕೋಲಾರ, ತುಮಕೂರು ಕಡೆಯವರು ಮನೆಮಾತಿನಲ್ಲಿ ಇದಕ್ಕೆ ಬೇರೇನಾದರೂ ಅನ್ನುತ್ತೀರಾ? ಕೈಕಾಲು ಚೆನ್ನಾಗಿದ್ದು ಮಾತು ಮಾತ್ರ ಬಿದ್ದುಹೋದವರಿಗೆ ‘ಏನಾಯಿತು’ ಎಂದು ಕೇಳಿದರೆ ಅವರ ಮನೆಯವರು ಯಾವ ಪದ ಬಳಸುತ್ತಾರೆ?