ಬಿಗ್ ಟೆನ್‌ನ 18 ವಿ.ವಿ.ಗಳಲ್ಲಿ ಓದಿಗೆ ಯಾವುದು? ಗೊತ್ತಿದ್ದವರು ಹೇಳಿ

ಕೇಳಿದವರು, ಮೈಸೂರು

ಅಕ್ಕನ ಮಗಳು ಸೆಕೆಂಡ್ ಪಿಯುಸಿ. ಅಮೆರಿಕದಲ್ಲಿ ಬಿ.ಎಸ್. ಮಾಡುವ ಆಸೆ, ಮೆಕ್ಯಾನಿಕಲ್ ಇಲ್ಲವೇ ಕಂಪ್ಯೂಟರ್ ಸೈನ್ಸ್. ಕೊಲಂಬಸ್‌ನಲ್ಲಿರುವ ನೆಂಟರು "ಬಿಗ್ ಟೆನ್‌ನಲ್ಲಿ ಯಾವುದಕ್ಕಾದರೂ ಹಾಕಿ, ಎಲ್ಲ ಒಂದೇ ಲೆವೆಲ್" ಅಂತಾರೆ. ರ‍್ಯಾಂಕಿಂಗ್ ತೆಗೆದರೆ ಒಂದು ಮೊದಲ ಹತ್ತರಲ್ಲಿದೆ, ಇನ್ನೊಂದು ನೂರರಾಚೆ. ಎಫ್-1 (ವಿದ್ಯಾರ್ಥಿ) ವೀಸಾ, ಫೀಸು ಪೂರ್ತಿ ನಮ್ಮದೇ. ಈ 18ನ್ನು ಯಾವ ಲೆಕ್ಕದಲ್ಲಿ ಹೋಲಿಸೋದು?

ಷಾಂಪೇನ್‌ನಿಂದ

ನಿಮ್ಮ ನೆಂಟರ ಮಾತು ಅರ್ಧ ಸರಿ. ಬಿಗ್ ಟೆನ್ ಅಮೆರಿಕದ ವಿ.ವಿ.ಗಳ ಆಟದ ಕೂಟ. ಇವತ್ತು ಅದರಲ್ಲಿ ಯಾರಿರಬೇಕು ಅಂತ ತೀರ್ಮಾನಿಸೋದು ಫುಟ್‌ಬಾಲು, ಟಿ.ವಿ. ದುಡ್ಡು. 1896ರಲ್ಲಿ ಶುರುವಾದಾಗ ಏಳೇ ವಿ.ವಿ.ಗಳು. 2024ರಲ್ಲಿ ಯುಸಿಎಲ್ಎ, ಯುಎಸ್‌ಸಿ, ಆರೆಗನ್, ವಾಷಿಂಗ್ಟನ್ ಸೇರಿ 18 ಆದವು, ಹೆಸರು ಮಾತ್ರ ಹತ್ತರಲ್ಲೇ ನಿಂತಿದೆ. ಸ್ಥಾಪಕರಲ್ಲೊಂದಾದ ಷಿಕಾಗೊ ವಿ.ವಿ. 1939ರಲ್ಲಿ ಫುಟ್‌ಬಾಲ್ ಬಿಟ್ಟಿತು, 1946ರಲ್ಲಿ ಕೂಟವನ್ನೂ ಬಿಟ್ಟಿತು. ಅದರ ಓದಿನ ಹೆಸರಿಗೆ ಕೂದಲೂ ಕೊಂಕಲಿಲ್ಲ.

ಉಳಿದರ್ಧ ಯಾಕೆ ಸರಿ ಅಂದರೆ, ಈ ಕೂಟದ ತಳ ಗಟ್ಟಿ. ಸಂಶೋಧನೆಯಲ್ಲಿ ಮುಂದಿರುವ ವಿ.ವಿ.ಗಳ ಸಂಘ ಎಎಯು, 1900ರಿಂದ ಇದೆ, ಕರೆದವರಿಗಷ್ಟೇ ಪ್ರವೇಶ. ಬಿಗ್ ಟೆನ್‌ನ 18ರಲ್ಲಿ 17 ಅದರ ಸದಸ್ಯರು. ದಕ್ಷಿಣದ ಎಸ್ಇಸಿ ಕೂಟದಲ್ಲಿ 16ಕ್ಕೆ ಐದೇ. ಹೊರಗುಳಿದ ಒಂದು ನೆಬ್ರಾಸ್ಕ: 1909ರಿಂದ ಸದಸ್ಯನಾಗಿದ್ದು, 2011ರಲ್ಲಿ ಬಿಗ್ ಟೆನ್‌ಗೆ ಕಾಲಿಡುವ ಕೆಲವೇ ತಿಂಗಳ ಮುಂಚೆ ಎಎಯು ಅದನ್ನು ವೋಟು ಹಾಕಿ ಹೊರಗಿಟ್ಟಿತು. ಪಾಠ ಕೆಟ್ಟಿತ್ತು ಅಂತಲ್ಲ. ನೆಬ್ರಾಸ್ಕ ವಿ.ವಿ.ಯ ಒಮಾಹಾದ ವೈದ್ಯಕೀಯ ಕೇಂದ್ರದ ಆಡಳಿತವೇ ಬೇರೆ, ಹಾಗಾಗಿ ಅಲ್ಲಿನ ಸಂಶೋಧನೆ ಲಿಂಕನ್ ಕ್ಯಾಂಪಸ್ಸಿನ ಖಾತೆಗೆ ಬೀಳುತ್ತಿರಲಿಲ್ಲ. ಕೃಷಿ ಸಂಶೋಧನೆಯ ಹಣಕ್ಕೂ ಎಎಯು ಲೆಕ್ಕದಲ್ಲಿ ತೂಕ ಕಡಿಮೆ.

ಮ್ಯಾಡಿಸನ್‌ನಿಂದ

ಮೇಲಿನವರಿಗೆ ಒಂದು ತಿದ್ದುಪಡಿ: ಎಎಯು ಅಳೆಯೋದು ಸಂಶೋಧನೆಯನ್ನ. ಫಸ್ಟ್ ಇಯರ್ ಕ್ಯಾಲ್ಕುಲಸ್ ಯಾರು ಹೇಳಿಕೊಡ್ತಾರೆ ಅನ್ನೋದು ಅದರಿಂದ ಗೊತ್ತಾಗಲ್ಲ. ಪಿಎಚ್‌ಡಿಗೆ ಅದು ಮುಖ್ಯ, ಬಿ.ಎಸ್.ಗೆ ಮೊದಲ ಜರಡಿ ಅಷ್ಟೇ.

ರ‍್ಯಾಂಕಿಂಗ್‌ಗಳಲ್ಲಿ "ಹೆಸರು" ಎಲ್ಲಿ ಅಡಗಿದೆ ಅಂತ ತಿಳಿದುಕೊಂಡು ನೋಡಿ. ಯುಎಸ್ ನ್ಯೂಸ್‌ನ ಒಟ್ಟಾರೆ ಪಟ್ಟಿಯಲ್ಲಿ ಶೇ. 20 ಅಂಕ ಪರಸ್ಪರ ಅಭಿಪ್ರಾಯದ್ದು. ಬೇರೆ ವಿ.ವಿ.ಗಳ ಅಧ್ಯಕ್ಷರು, ಪ್ರೊವೋಸ್ಟ್‌ಗಳು, ಅಡ್ಮಿಷನ್ ಡೀನ್‌ಗಳು 1ರಿಂದ 5ರವರೆಗೆ ಅಂಕ ಹಾಕ್ತಾರೆ. ಉಳಿದದ್ದರಲ್ಲಿ ಪದವಿ ಮುಗಿಸಿದವರ ಪ್ರಮಾಣವೇ ದೊಡ್ಡ ಪಾಲು. ಆದರೆ ಅದೇ ಸಂಸ್ಥೆಯ ಬಿ.ಎಸ್. ಎಂಜಿನಿಯರಿಂಗ್ ಪಟ್ಟಿ ಪೂರ್ತಿ ಅಭಿಪ್ರಾಯದ ಮೇಲೇ ನಿಂತಿದೆ, ಎಂಜಿನಿಯರಿಂಗ್ ಡೀನ್‌ಗಳು ಮತ್ತು ಹಿರಿಯ ಪ್ರಾಧ್ಯಾಪಕರು ಕೊಟ್ಟ ಅಂಕ. ನಿಮಗೆ ಬೇಕಾದ "ಆ ವಿಭಾಗದ ಹೆಸರು" ಅಂದರೆ ಇದೇ. ಕ್ಯೂಎಸ್‌ನಲ್ಲಿ ಅಕಾಡೆಮಿಕ್ ಹೆಸರಿಗೆ ಶೇ. 30, ಕೆಲಸ ಕೊಡುವವರ ಅಭಿಪ್ರಾಯಕ್ಕೆ ಶೇ. 15. ಷಾಂಘೈ ಪಟ್ಟಿ ನೊಬೆಲ್ ಎಣಿಸುತ್ತೆ, ಬಿ.ಎಸ್. ಮಾಡೋರು ಅದನ್ನು ನೋಡದಿದ್ದರೂ ನಡೆಯುತ್ತೆ.

ಒಟ್ಟಾರೆ ಪಟ್ಟಿಯಲ್ಲಿ ನಾರ್ತ್‌ವೆಸ್ಟರ್ನ್, ಯುಸಿಎಲ್ಎ, ಮಿಷಿಗನ್, ಯುಎಸ್‌ಸಿ ಮೇಲೆ. ಅಯೋವಾ, ಆರೆಗನ್, ನೆಬ್ರಾಸ್ಕ ಕೆಳಗೆ. ನಡುವಿನವು ಒತ್ತೊತ್ತಾಗಿ ಕೂತಿವೆ, ಒಂದೇ ಸ್ಥಾನದಲ್ಲಿ ಇಬ್ಬಿಬ್ಬರು ಮೂವರು. ಅಲ್ಲಿ ಎಂಟು ಸ್ಥಾನ ಮೇಲೆ ಕೆಳಗೆ ಅಂತ ಮನೆಮಂದಿಯೆಲ್ಲ ಜಗಳ ಆಡಬೇಡಿ, ಸ್ಕೋರಿನಲ್ಲಿ ವ್ಯತ್ಯಾಸ ಕೆಲವೇ ಅಂಕ.

ವೆಸ್ಟ್ ಲಫಾಯೆಟ್‌ನಿಂದ

ಹೋಲಿಕೆ ಶುರು ಮಾಡೋ ಮೊದಲು ಕೋರ್ಸ್ ಇದೆಯೋ ಇಲ್ಲವೋ ನೋಡಿ. ಆರೆಗನ್ ವಿ.ವಿ.ಯಲ್ಲಿ ಮೆಕ್ಯಾನಿಕಲ್ ಇಲ್ಲವೇ ಇಲ್ಲ. ಅದಿರೋದು ಕೊರ್ವಾಲಿಸ್‌ನ ಆರೆಗನ್ ಸ್ಟೇಟ್‌ನಲ್ಲಿ, ಅದು ಬಿಗ್ ಟೆನ್ ಅಲ್ಲ. ಇಂಡಿಯಾನದ ಬ್ಲೂಮಿಂಗ್ಟನ್‌ನಲ್ಲೂ ಇಲ್ಲ. ಹಾಗಂತ ಇಂಡಿಯಾನ ಸಣ್ಣದು ಅಂದ್ಕೋಬೇಡಿ: ಬಿಸಿನೆಸ್ಸು, ಸಂಗೀತಕ್ಕೆ ದೊಡ್ಡ ಹೆಸರು, ಎ.ಕೆ. ರಾಮಾನುಜನ್ 1963ರಲ್ಲಿ ಭಾಷಾಶಾಸ್ತ್ರದ ಪಿಎಚ್‌ಡಿ ಪಡೆದದ್ದು ಅಲ್ಲೇ. ಅದೇ ರಾಜ್ಯದ ಪರ್ಡ್ಯೂನಲ್ಲಿ ಸಿ.ಎನ್.ಆರ್. ರಾವ್ ಅವರ ಪಿಎಚ್‌ಡಿ, 1958ರಲ್ಲಿ. ಎರಡಕ್ಕೂ ಒಂದೇ ನಂಬರ್ ಕೊಟ್ಟು ಹೋಲಿಸಿದರೆ ಏನು ಸಿಗುತ್ತೆ ಹೇಳಿ. ಮಿಷಿಗನ್ ಸ್ಟೇಟ್‌ಗೆ ನ್ಯೂಕ್ಲಿಯರ್ ಫಿಸಿಕ್ಸು, ಮಿನೆಸೋಟ ಮತ್ತು ವಿಸ್ಕಾನ್ಸಿನ್‌ಗೆ ಕೆಮಿಕಲ್ ಎಂಜಿನಿಯರಿಂಗು, ಅಯೋವಾಕ್ಕೆ ಸಾಹಿತ್ಯ ಬರವಣಿಗೆ, ಒಹಾಯೊ ಸ್ಟೇಟ್‌ಗೆ ವೆಲ್ಡಿಂಗ್ ಎಂಜಿನಿಯರಿಂಗು ಕೂಡ.

ಇನ್ನು ಬಾಗಿಲು, ಅಂದರೆ ಪ್ರವೇಶ. ಎಡವೋದು ಇಲ್ಲೇ. ಇಲಿನಾಯ್‌ನ ಸಿಎಸ್‌ಗೆ ಅಪಾರ ಹೆಸರು, ಆದರೆ ಅರ್ಜಿಯಲ್ಲೇ ಸಿಎಸ್ ಅಂತ ಹಾಕಿ ಸೀಟು ಪಡೆಯಬೇಕು. "ಮೊದಲು ಬೇರೆ ಬ್ರಾಂಚಿಗೆ ಸೇರಿ ಆಮೇಲೆ ಬದಲಾಯಿಸೋಣ" ಅನ್ನೋ ನಮ್ಮೂರ ಲೆಕ್ಕ ಅಲ್ಲಿ ಹೆಚ್ಚುಕಡಿಮೆ ನಡೆಯಲ್ಲ. ಲಿಂಗ್ವಿಸ್ಟಿಕ್ಸ್, ಅರ್ಥಶಾಸ್ತ್ರದಂಥ ವಿಷಯಗಳ ಜೊತೆ ಸೇರಿಸಿದ "ಸಿಎಸ್ ಪ್ಲಸ್" ಕೋರ್ಸುಗಳಿವೆ, ಅವನ್ನೂ ಅರ್ಜಿಯಲ್ಲೇ ಆರಿಸಬೇಕು. ವಾಷಿಂಗ್ಟನ್‌ನ ಸಿಎಸ್ ವಿಭಾಗ ಆ್ಯಲನ್ ಸ್ಕೂಲ್ ಕೂಡ ಹಾಗೇ, ಜೊತೆಗೆ ಸ್ವಂತ ರಾಜ್ಯದ ಮಕ್ಕಳಿಗೆ ಆದ್ಯತೆ. ಪರ್ಡ್ಯೂನಲ್ಲಿ ಎಂಜಿನಿಯರಿಂಗ್‌ಗೆ ಸೇರಿದವರೆಲ್ಲ ಮೊದಲ ವರ್ಷ ಒಟ್ಟಿಗೆ ಓದಿ ಆಮೇಲೆ ಬ್ರಾಂಚಿಗೆ ಹೋಗ್ತಾರೆ. ಸಿಎಸ್ ಮಾತ್ರ ಸೈನ್ಸ್ ಕಾಲೇಜಿನಡಿ, ಅದಕ್ಕೆ ಬೇರೆಯೇ ಅರ್ಜಿ ಆಯ್ಕೆ. ನಿಮ್ಮ ಹುಡುಗಿ ಮೆಕ್ಯಾನಿಕಲ್ಲೋ ಸಿಎಸ್ಸೋ ಅಂತ ತೂಗಾಡ್ತಿದ್ದರೆ, ಅರ್ಜಿ ಹಾಕೋ ಮೊದಲೇ ಅದು ತೀರ್ಮಾನ ಆಗಿರಬೇಕು.

ಮೆಕ್ಯಾನಿಕಲ್ ಆದರೆ ಎಬೆಟ್ (ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇದೆಯೇ ಅಂತ ಕ್ಯಾಂಪಸ್ ಹೆಸರು ಹಾಕಿ ನೋಡಿ. ಸಿಎಸ್‌ಗೆ ಇಲ್ಲದಿದ್ದರೂ ಚಿಂತೆಯಿಲ್ಲ, ಒಳ್ಳೊಳ್ಳೆ ವಿಭಾಗಗಳೇ ತಗೊಂಡಿಲ್ಲ.

ಕಾಲೇಜ್ ಪಾರ್ಕ್‌ನಿಂದ

"ಕಾಮನ್ ಡೇಟಾ ಸೆಟ್" ಅಂತ ಒಂದು ಫಾರಂ ಇದೆ. ವಿ.ವಿ. ಹೆಸರಿನ ಜೊತೆ ಹುಡುಕಿದರೆ ಪಿಡಿಎಫ್ ಸಿಗುತ್ತೆ. ಎಲ್ಲರ ಪ್ರಶ್ನೆಗಳೂ ಒಂದೇ, ಹಾಗಾಗಿ ಪಕ್ಕಪಕ್ಕ ಇಟ್ಟು ಓದಬಹುದು. ಬಿ ಭಾಗದಲ್ಲಿ ಎರಡನೇ ವರ್ಷಕ್ಕೆ ಉಳಿದವರ ಪ್ರಮಾಣ ಮತ್ತು ಪದವಿ ಮುಗಿಸಿದವರ ಪ್ರಮಾಣ. ಜಾಹೀರಾತಿನಲ್ಲಿ ಬರೋದು ಆರು ವರ್ಷದೊಳಗೆ ಮುಗಿಸಿದವರ ಪ್ರಮಾಣ. ಫೀಸು ಕಟ್ಟೋ ನಿಮಗೆ ಬೇಕಾದ್ದು ನಾಲ್ಕು ವರ್ಷದ್ದು. ಸಿ7ರಲ್ಲಿ ಅಂಕ, ಪ್ರಬಂಧ, ಟೆಸ್ಟು ಯಾವುದಕ್ಕೆ ಎಷ್ಟು ತೂಕ ಅಂತಿರುತ್ತೆ. ಯುಸಿಎಲ್ಎ ಸ್ಯಾಟ್ ಅಂಕವನ್ನು ನೋಡೋದೇ ಇಲ್ಲ, ಪರ್ಡ್ಯೂ ಕೇಳೇ ಕೇಳುತ್ತೆ.

ಐ3 ಕ್ಲಾಸಿನ ಗಾತ್ರ. ಇದನ್ನು ಓದೋದರಲ್ಲಿ ಬಹಳ ಜನ ಮೋಸ ಹೋಗ್ತಾರೆ. ಸುಮ್ಮನೆ ಲೆಕ್ಕಕ್ಕೆ ಅಂತ 100 ಸೆಕ್ಷನ್ ಇಟ್ಕೊಳ್ಳಿ: 80ರಲ್ಲಿ ತಲಾ 15 ಜನ, 10ರಲ್ಲಿ 60, ಇನ್ನು 10ರಲ್ಲಿ 200. "ನಮ್ಮ ಶೇ. 80 ಕ್ಲಾಸುಗಳಲ್ಲಿ 20ಕ್ಕಿಂತ ಕಡಿಮೆ ವಿದ್ಯಾರ್ಥಿಗಳು" ಅಂತ ವಿ.ವಿ. ಬರೆದರೆ ಸುಳ್ಳಲ್ಲ. ಸೀಟು ಎಣಿಸಿ: 1200, 600, 2000. ಒಟ್ಟು 3800ರಲ್ಲಿ 2600, ಅಂದರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಸೀಟು ದೊಡ್ಡ ಹಾಲ್‌ಗಳಲ್ಲೇ. ಫಸ್ಟ್ ಇಯರ್ ಮಕ್ಕಳು ಕೂರೋದೂ ಅಲ್ಲೇ.

ಕೇಳಿದವರು, ಮೈಸೂರು

ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಅಮೆರಿಕ ಸರ್ಕಾರದ ಕಾಲೇಜ್ ಸ್ಕೋರ್‌ಕಾರ್ಡ್‌ನಲ್ಲಿ ಕೋರ್ಸುವಾರು ಸಂಬಳ ತೋರಿಸ್ತಾರಲ್ಲ, ನಂಬಬಹುದಾ? ಪೆನ್ ಸ್ಟೇಟ್ ಅರ್ಜಿಯಲ್ಲಿ ಕ್ಯಾಂಪಸ್ ಕೇಳ್ತಾರೆ, ಏನು ವ್ಯತ್ಯಾಸ?

ಸಿಯಾಟಲ್‌ನಿಂದ

ಸ್ಕೋರ್‌ಕಾರ್ಡ್ ಸಂಬಳ ಫೆಡರಲ್ ನೆರವು ಪಡೆದವರದ್ದು ಮಾತ್ರ. ಎಫ್-1 ಮಕ್ಕಳು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಒಂದೇ ಕೋರ್ಸನ್ನು ಎರಡು ವಿ.ವಿ.ಗಳ ನಡುವೆ ಹೋಲಿಸೋಕೆ ಪರವಾಗಿಲ್ಲ, "ನಮ್ಮ ಮಗುವಿಗೆ ಇಷ್ಟು ಬರುತ್ತೆ" ಅಂತ ಸಾಲದ ಕಂತು ಲೆಕ್ಕ ಹಾಕೋಕೆ ಬೇಡ.

ಕ್ಯಾಂಪಸ್ ವಿಚಾರದಲ್ಲಿ ಹುಷಾರು. ಬಿಗ್ ಟೆನ್ ಅಂದರೆ ಪೆನ್ ಸ್ಟೇಟ್‌ನ ಯೂನಿವರ್ಸಿಟಿ ಪಾರ್ಕ್, ರಟ್ಗರ್ಸ್‌ನ ನ್ಯೂ ಬ್ರನ್ಸ್‌ವಿಕ್, ಇಲಿನಾಯ್‌ನ ಅರ್ಬಾನಾ-ಷಾಂಪೇನ್, ಮಿಷಿಗನ್‌ನ ಆ್ಯನ್ ಆರ್ಬರ್. ಇಲಿನಾಯ್‌ನ ಷಿಕಾಗೊ, ಮಿಷಿಗನ್‌ನ ಡಿಯರ್‌ಬಾರ್ನ್, ರಟ್ಗರ್ಸ್‌ನ ನ್ಯೂವಾರ್ಕ್ ಕ್ಯಾಂಪಸ್‌ಗಳ ವಿಭಾಗಗಳು, ರ‍್ಯಾಂಕು, ಪ್ರವೇಶ ಎಲ್ಲ ಬೇರೆ. ಪೆನ್ ಸ್ಟೇಟ್‌ನಲ್ಲಿ ಎರಡು ವರ್ಷ ಸಣ್ಣ ಕ್ಯಾಂಪಸ್ಸಿನಲ್ಲಿ ಓದಿ ಇನ್ನೆರಡು ವರ್ಷ ಯೂನಿವರ್ಸಿಟಿ ಪಾರ್ಕ್‌ಗೆ ಹೋಗೋ ದಾರಿ ಇದೆ, ಡಿಗ್ರಿಯಲ್ಲಿ ವ್ಯತ್ಯಾಸ ಇರಲ್ಲ. ಆದರೆ 2027ರ ಸ್ಪ್ರಿಂಗ್ ಸೆಮಿಸ್ಟರ್ ಆದಮೇಲೆ ಏಳು ಕ್ಯಾಂಪಸ್ ಮುಚ್ಚೋದು ಅಂತ 2025ರಲ್ಲಿ ನಿರ್ಧಾರ ಆಗಿದೆ. ಅವು ಯಾವುವು ನೋಡಿಕೊಂಡೇ ಟಿಕ್ ಮಾಡಿ.

ಮೆಕ್ಯಾನಿಕಲ್, ಸಿಎಸ್ ಎರಡೂ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿವೆ, ಓಪಿಟಿ (ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡೋ ಅನುಮತಿ) 12 ತಿಂಗಳ ಮೇಲೆ ಇನ್ನೂ 24 ತಿಂಗಳು ಸಿಗುತ್ತೆ. ಮುಂದೆ ಅರ್ಥಶಾಸ್ತ್ರಕ್ಕೆ ಹೊರಳೋ ಮನಸ್ಸಾದರೆ ಆ ಕೋರ್ಸಿನ ಸಿಐಪಿ ಕೋಡ್ (ವಿಷಯವನ್ನು ಗುರುತಿಸೋ ಸರ್ಕಾರಿ ಸಂಖ್ಯೆ) ಕೇಳಿ: 45.0603 ಆದರೆ ಸ್ಟೆಮ್, 45.0601 ಆದರೆ ಅಲ್ಲ. ಒಂದೇ ಹೆಸರಿನ ಡಿಗ್ರಿಗೆ ಒಂದು ವಿ.ವಿ. ಒಂದು ಕೋಡ್, ಇನ್ನೊಂದು ವಿ.ವಿ. ಇನ್ನೊಂದು ಕೋಡ್ ಇಟ್ಟಿರಬಹುದು. ವೀಸಾಕ್ಕೆ ಅಂತ ವಿ.ವಿ. ಕಳಿಸೋ ಐ-20 ಫಾರಂ ಬಂದಾಗ ಅದರ ಮೇಲೂ ಆ ಕೋಡ್ ಇರುತ್ತೆ.